ಕುಬ್ಜ ಗ್ಯಾಲಕ್ಸಿಯಲ್ಲಿ ಡಾರ್ಕ್ ಮ್ಯಾಟರ್ ಹುಡುಕುವುದು: ಪುಣೆಯ ಮನೆಯ ಕಂಪ್ಯೂಟರಿನಲ್ಲೇ ಮಾಡುವ ಬಗೆ

ಮೊದಲು ಕಾಗದ, ಪೆನ್ನು ಹಿಡಿದು ಒಂದು ಲೆಕ್ಕ ಮಾಡಿ. ಕಂಪ್ಯೂಟರ್ ಆಮೇಲೆ.

ಡಾರ್ಕ್ ಮ್ಯಾಟರ್ (ಬೆಳಕು ಕೊಡದ, ಗುರುತ್ವದಿಂದಷ್ಟೇ ಗೊತ್ತಾಗುವ ದ್ರವ್ಯ) ಕಣದ ದ್ರವ್ಯರಾಶಿ 100 ಜಿಇವಿ ಎಂದುಕೊಳ್ಳಿ; ಒಂದು ಜಿಇವಿ ಎಂದರೆ ನೂರು ಕೋಟಿ ಎಲೆಕ್ಟ್ರಾನ್-ವೋಲ್ಟ್. ಅಂಥ ಎರಡು ಕಣ ಡಿಕ್ಕಿಯಾಗಿ ನಾಶವಾದಾಗ ಒಂದು ಬಾಟಮ್ ಕ್ವಾರ್ಕ್, ಒಂದು ಪ್ರತಿ-ಬಾಟಮ್ ಕ್ವಾರ್ಕ್ ಹುಟ್ಟುತ್ತವೆ ಎನ್ನೋಣ (ಹೀಗೆ ಯಾವ ಕಣಗಳು ಹುಟ್ಟುತ್ತವೆ ಎಂಬುದಕ್ಕೆ 'ಚಾನೆಲ್' ಎಂದು ಹೆಸರು). ಅವು ಒಡೆದು ಚೂರಾಗುವ ದಾರಿಯಲ್ಲಿ 1 ಜಿಇವಿಗಿಂತ ಹೆಚ್ಚು ಶಕ್ತಿಯ ಸುಮಾರು ಹತ್ತು ಗಾಮಾ ಫೋಟಾನ್ ಸಿಗುತ್ತವೆ. ನಮಗೆ ತಲುಪುವ ಫ್ಲಕ್ಸ್ ಇಷ್ಟು:

ಫ್ಲಕ್ಸ್ = ಸಿಗ್ಮಾ-ವಿ ÷ (8 × ಪೈ × ದ್ರವ್ಯರಾಶಿಯ ವರ್ಗ) × ಒಂದು ಡಿಕ್ಕಿಗೆ ಹುಟ್ಟುವ ಫೋಟಾನ್‌ಗಳು × ಜೆ-ಫ್ಯಾಕ್ಟರ್

ಸಿಗ್ಮಾ-ವಿ ಎಂದರೆ ನಾಶವಾಗುವ ದರ. ಮಹಾಸ್ಫೋಟದ ನಂತರ ಇಂದಿನಷ್ಟೇ ಡಾರ್ಕ್ ಮ್ಯಾಟರ್ ಉಳಿಯಬೇಕಾದರೆ ಅದು ಸೆಕೆಂಡಿಗೆ 2ರಿಂದ 3 × 10⁻²⁶ ಘನ ಸೆಂ.ಮೀ. ಆಸುಪಾಸಿನಲ್ಲಿರಬೇಕು. ಜೆ-ಫ್ಯಾಕ್ಟರ್ ಎಂದರೆ ಆ ದಿಕ್ಕಿನಲ್ಲಿ ಡಾರ್ಕ್ ಮ್ಯಾಟರ್ ಎಷ್ಟು ದಟ್ಟ ಎಂಬುದರ ಅಳತೆ, ವಿವರ ಮುಂದಿದೆ. ಡ್ರೇಕೋ ಕುಬ್ಜ ಗ್ಯಾಲಕ್ಸಿಯ ಜೆ-ಫ್ಯಾಕ್ಟರ್ 10 ಘಾತ 18.8 ಜಿಇವಿ² ಸೆಂ.ಮೀ.⁻⁵. ಸಿಗ್ಮಾ-ವಿ 3 × 10⁻²⁶ ಎಂದಿಟ್ಟು ಗುಣಿಸಿದರೆ ಒಂದು ಚದರ ಸೆಂ.ಮೀ.ಗೆ ಸೆಕೆಂಡಿಗೆ 7.5 × 10⁻¹² ಫೋಟಾನ್. ಗಾಮಾ ಕಿರಣ ನೋಡುವ ಫರ್ಮಿ ಉಪಗ್ರಹದ ದೊಡ್ಡ ದೂರದರ್ಶಕ 'ಲ್ಯಾಟ್' ಹತ್ತು ವರ್ಷಗಳಲ್ಲಿ ಆಕಾಶದ ಒಂದು ಬಿಂದುವಿಗೆ ಕೊಡುವ ಎಕ್ಸ್‌ಪೋಷರ್ (ಬೆಳಕು ಹಿಡಿಯುವ ವಿಸ್ತೀರ್ಣ × ನೋಡಿದ ಸಮಯ) ಸುಮಾರು 4 × 10¹¹ ಚದರ ಸೆಂ.ಮೀ.-ಸೆಕೆಂಡ್. ಅಂದರೆ ಹತ್ತು ವರ್ಷಕ್ಕೆ ಮೂರೇ ಮೂರು ಫೋಟಾನ್! ಡ್ರೇಕೋ ಸುತ್ತ 1 ಡಿಗ್ರಿ ತ್ರಿಜ್ಯದ ವೃತ್ತದಲ್ಲಿ ಅಷ್ಟೇ ಕಾಲದಲ್ಲಿ ಬೀಳುವ ಹಿನ್ನೆಲೆ ಫೋಟಾನ್‌ಗಳೋ ನೂರಾರು.

ಈ ಕೆಲಸದಲ್ಲಿ ನಿಮಗೆ ಡಾರ್ಕ್ ಮ್ಯಾಟರ್ ಸಿಗುವುದಿಲ್ಲ. ಸಿಗುವುದು ಒಂದು ಮೇಲ್ಮಿತಿ: 'ಸಿಗ್ಮಾ-ವಿ ಇದಕ್ಕಿಂತ ಹೆಚ್ಚಿದ್ದಿದ್ದರೆ ಕಂಡೇ ಕಾಣುತ್ತಿತ್ತು' ಎನ್ನುವ ಗೆರೆ. ಆ ಗೆರೆ ನಂಬುವಂತಿದೆಯೇ ಇಲ್ಲವೇ ಎಂಬುದು ಹಿನ್ನೆಲೆಯನ್ನು ಎಷ್ಟು ಸರಿಯಾಗಿ ಕಳೆದಿದ್ದೀರಿ ಎಂಬುದರ ಮೇಲೆ ನಿಂತಿದೆ. ಪುಣೆ, ಮುಂಬೈ ಕಾಲೇಜುಗಳಲ್ಲಿ ಎಂ.ಎಸ್ಸಿ. ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿರುವ ನಮ್ಮ ಹುಡುಗ ಹುಡುಗಿಯರಿಗೂ, ಹಿಂಜವಡಿಯಲ್ಲಿ ವಾರವೆಲ್ಲ ಕೋಡ್ ಬರೆದು ಶನಿವಾರ ಭಾನುವಾರ ಭೌತಶಾಸ್ತ್ರಕ್ಕೆ ಕೈಹಾಕುವವರಿಗೂ ಇದಕ್ಕಿಂತ ಒಳ್ಳೆಯ ಪಾಠ ಕಡಿಮೆ. ದತ್ತಾಂಶ ಪೂರ್ತಿ ಉಚಿತ, ಯಾರ ಅನುಮತಿಯೂ ಬೇಡ.

ಗುರಿ ಯಾವುದು?

ಆಕಾಶಗಂಗೆಯ ಸುತ್ತ ತಿರುಗುವ ಈ ಪುಟ್ಟ ಕುಬ್ಜ ಗ್ಯಾಲಕ್ಸಿಗಳೇ ಯಾಕೆಂದರೆ, ಅಲ್ಲಿ ಅನಿಲವಿಲ್ಲ, ಹೊಸ ನಕ್ಷತ್ರ ಹುಟ್ಟುವುದಿಲ್ಲ. ತಾವಾಗಿಯೇ ಗಾಮಾ ಕಿರಣ ಹೊಮ್ಮಿಸುವಂಥದ್ದು ಅಲ್ಲಿ ಹೆಚ್ಚೇನೂ ಇಲ್ಲ. ಆದರೆ ನಕ್ಷತ್ರಗಳ ಓಡಾಟ ನೋಡಿದರೆ, ಕಣ್ಣಿಗೆ ಕಾಣುವುದಕ್ಕಿಂತ ಎಷ್ಟೋ ಪಟ್ಟು ದ್ರವ್ಯರಾಶಿ ಅಲ್ಲಿದೆ.

ಮೊದಲ ಸಲಕ್ಕೆ ಡ್ರೇಕೋ ಹಿಡಿಯಿರಿ. ದೂರ 76 ಕಿಲೋಪಾರ್ಸೆಕ್ (ಒಂದು ಕಿಲೋಪಾರ್ಸೆಕ್ ಸುಮಾರು 3260 ಜ್ಯೋತಿರ್ವರ್ಷ); ಗ್ಯಾಲಕ್ಟಿಕ್ ರೇಖಾಂಶ 86.4, ಅಕ್ಷಾಂಶ 34.7 ಡಿಗ್ರಿ. ಆಕಾಶಗಂಗೆಯ ತಟ್ಟೆಯಿಂದ ಸಾಕಷ್ಟು ಮೇಲಿದೆ. ಅಳತೆಗೆ ಸಿಕ್ಕ ನಕ್ಷತ್ರಗಳು ಬೇಕಾದಷ್ಟಿರುವುದರಿಂದ ಜೆ-ಫ್ಯಾಕ್ಟರಿನ ಅನಿಶ್ಚಿತತೆ ಲಾಗ್ ಲೆಕ್ಕದಲ್ಲಿ 0.16 ಮಾತ್ರ. ಸೆಗ್ಯೂ 1 ಎಂಬುದು 23 ಕಿಲೋಪಾರ್ಸೆಕ್ ದೂರದಲ್ಲೇ ಇದೆ, ಜೆ 10 ಘಾತ 19.5, ಡ್ರೇಕೋಗಿಂತ ಐದು ಪಟ್ಟು. ಎಲ್ಲರಿಗೂ ಅದರ ಮೇಲೇ ಕಣ್ಣು. ಆದರೆ ಅಲ್ಲಿ ಅಳೆದ ನಕ್ಷತ್ರಗಳು ಎಪ್ಪತ್ತರ ಆಸುಪಾಸು ಮಾತ್ರ. ನಮ್ಮದೇ ಗ್ಯಾಲಕ್ಸಿಯ ಒಂದೆರಡು ನಕ್ಷತ್ರ ಲೆಕ್ಕದಲ್ಲಿ ನುಸುಳಿದರೂ ಜೆ ಉಬ್ಬಿಬಿಡುತ್ತದೆ. ಅಭ್ಯಾಸಕ್ಕೆ ಅದು ಬೇಡ. ಧನು ಕುಬ್ಜ ಗ್ಯಾಲಕ್ಸಿಯನ್ನಂತೂ ಮುಟ್ಟಲೇಬೇಡಿ. ಆಕಾಶಗಂಗೆ ಅದನ್ನು ಎಳೆದು ಹರಿಯುತ್ತಿರುವುದರಿಂದ ನಕ್ಷತ್ರಗಳ ಓಡಾಟದಿಂದ ಜೆ ತೆಗೆಯಲು ಬೇಕಾದ ಸಮತೋಲದ ಊಹೆಯೇ ಅಲ್ಲಿ ನಿಲ್ಲುವುದಿಲ್ಲ.

ಜೆ-ಫ್ಯಾಕ್ಟರ್ ಎಂದರೆ ಸಾಂದ್ರತೆಯ ವರ್ಗವನ್ನು ನಮ್ಮ ನೋಟದ ಗೆರೆಯುದ್ದಕ್ಕೂ, ಸಾಮಾನ್ಯವಾಗಿ 0.5 ಡಿಗ್ರಿ ತ್ರಿಜ್ಯದೊಳಗೆ ಕೂಡಿಸಿದ್ದು. ಅತಿ ಹೆಚ್ಚು ಜನ ಎಡವುವುದು ಇಲ್ಲೇ. ಕೆಲವರು ಜೆ ಅನ್ನು ಜಿಇವಿ² ಸೆಂ.ಮೀ.⁻⁵ ಎಂದು ಕೊಡುತ್ತಾರೆ, ಕೆಲವರು ಸೂರ್ಯರಾಶಿ² ಕಿಲೋಪಾರ್ಸೆಕ್⁻⁵ ಎಂದು. ಎರಡನೆಯದನ್ನು 4.45 × 10⁶ರಿಂದ ಗುಣಿಸಿದರೆ ಮೊದಲನೆಯದು ಬರುತ್ತದೆ. ಇನ್ನು ಕೆಲವರು 4 ಪೈಯಿಂದ ಮೊದಲೇ ಭಾಗಿಸಿಟ್ಟಿರುತ್ತಾರೆ. ಮೇಲಿನ ಸೂತ್ರದ 8 ಪೈ, ಕಣ ತನಗೆ ತಾನೇ ಪ್ರತಿಕಣ ಎಂಬ ಊಹೆಯ ಮೇಲೆ ಬಂದದ್ದು; ಹಾಗಲ್ಲದಿದ್ದರೆ 16 ಪೈ. ಯಾವ ಪಟ್ಟಿಯಿಂದ ಜೆ ತೆಗೆದುಕೊಂಡರೂ ಕೋನ ಎಷ್ಟು, ಏಕಮಾನ ಏನು, 4 ಪೈ ಒಳಗಿದೆಯೋ ಹೊರಗಿದೆಯೋ ಎಂಬ ಮೂರನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡೇ ಮುಂದೆ ಹೋಗಿ.

ಯಂತ್ರ ಮತ್ತು ದತ್ತಾಂಶ

16 ಜಿಬಿ ರ‍್ಯಾಮ್, ನಾಲ್ಕೆಂಟು ಕೋರ್, 50 ಜಿಬಿ ಖಾಲಿ ಜಾಗ ಇರುವ ಲಿನಕ್ಸ್ ಲ್ಯಾಪ್‌ಟಾಪ್ ಸಾಕು. ವಿಂಡೋಸ್ ಇದ್ದರೆ ಡಬ್ಲ್ಯೂಎಸ್ಎಲ್ ಹಾಕಿಕೊಳ್ಳಿ. ಕೋಂಡಾ ಮೂಲಕ ಫರ್ಮಿ ದತ್ತಾಂಶ ಬಿಡಿಸುವ ಪ್ರೋಗ್ರಾಂಗಳ ಕಟ್ಟು ಫರ್ಮಿಟೂಲ್ಸ್ ಮತ್ತು ಅದರ ಮೇಲೆ ಕೂರುವ ಪೈಥಾನ್ ಪ್ಯಾಕೇಜ್ ಫರ್ಮಿಪೈ, ಎರಡನ್ನೂ ಅವಕ್ಕೇ ಮೀಸಲಾದ ಹೊಸ ಎನ್ವಿರಾನ್ಮೆಂಟಿನಲ್ಲಿ ಹಾಕಿ. ಹಳೆಯ ಎನ್ವಿರಾನ್ಮೆಂಟಿಗೆ ತುರುಕಿದರೆ ನಮ್‌ಪೈ ಆವೃತ್ತಿ ಜಗಳದಲ್ಲೇ ಒಂದು ಭಾನುವಾರ ಹೋಗುತ್ತದೆ.

ಫರ್ಮಿಯ ದತ್ತಾಂಶ ಸರ್ವರಿನಲ್ಲಿ ಡ್ರೇಕೋದ ಸ್ಥಾನ ಕೊಡಿ: ಆರ್‌ಎ 260.05, ಡೆಕ್ 57.92 (ಆಕಾಶದ ರೇಖಾಂಶ, ಅಕ್ಷಾಂಶ; ಡಿಗ್ರಿಯಲ್ಲಿ). ತ್ರಿಜ್ಯ 15 ಡಿಗ್ರಿ. ಶಕ್ತಿ 500ರಿಂದ 500000 ಎಂಇವಿ (ಸಾವಿರ ಎಂಇವಿ ಅಂದರೆ 1 ಜಿಇವಿ). ಕಾಲ, ಉಪಗ್ರಹದ ಗಡಿಯಾರದಲ್ಲಿ 239557417ರಿಂದ, ಅಂದರೆ 2008ರ ಆಗಸ್ಟ್ 4ರಿಂದ. ಫೋಟಾನ್ ಫೈಲಿನ ಜೊತೆ ಉಪಗ್ರಹದ ಚಲನೆಯ ಫೈಲನ್ನೂ ಇಳಿಸಿಕೊಳ್ಳಿ. 100 ಎಂಇವಿವರೆಗೂ ಇಳಿಯಬೇಕೆಂಬ ಆಸೆ ಬೇಡ. ಅಲ್ಲಿ ಲ್ಯಾಟ್‌ನ ದೃಷ್ಟಿ 5 ಡಿಗ್ರಿಯಷ್ಟು ಮಸುಕು. 1 ಜಿಇವಿಯಲ್ಲಿ 0.8 ಡಿಗ್ರಿ, 10 ಜಿಇವಿ ದಾಟಿದರೆ 0.1ರ ಹತ್ತಿರ. ಕೆಳಗಿನ ಶಕ್ತಿಯಲ್ಲಿ, ನಮ್ಮತ್ತ ಗಾಮಾ ಕಿರಣ ಚಿಮ್ಮಿಸುವ ದೂರದ ಗ್ಯಾಲಕ್ಸಿ ಕೇಂದ್ರವಾದ ಪಕ್ಕದ ಬ್ಲೇಜಾರ್‌ನ ಬೆಳಕೆಲ್ಲ ನಿಮ್ಮ ಗುರಿಯ ಮೇಲೆ ಸುರಿಯುತ್ತದೆ.

ಜೊತೆಗೆ ಮೂರು ಫೈಲ್ ಬೇಕು: ಆಕಾಶಗಂಗೆಯ ಹರಡಿದ ಗಾಮಾ ಬೆಳಕಿನ ನಕ್ಷೆ, ಅಂದರೆ ಹೆಸರಿನಲ್ಲಿ ವಿ07 ಇರುವ ಆವೃತ್ತಿ, ಎಲ್ಲ ದಿಕ್ಕಿನಿಂದ ಸಮನಾಗಿ ಬರುವ ಬೆಳಕಿನ ಪಟ್ಟಿ, ಅದು ಪಿ8ಆರ್3 ಸೋರ್ಸ್ ವಿ3ಯದ್ದೇ ಆಗಿರಬೇಕು, ಮತ್ತು ಗೊತ್ತಿರುವ ಗಾಮಾ ಮೂಲಗಳ 4ಎಫ್‌ಜಿಎಲ್ ಕ್ಯಾಟಲಾಗ್. ಅದರ ಡಿಆರ್4 ಬಿಡುಗಡೆಯಲ್ಲಿ 14 ವರ್ಷದ ದತ್ತಾಂಶದಿಂದ ತೆಗೆದ 7 ಸಾವಿರಕ್ಕೂ ಹೆಚ್ಚು ಮೂಲಗಳಿವೆ. ಈ ಮೂರೂ ಒಂದೇ ಪೀಳಿಗೆಯವಾಗಿರಲಿ. ಹಳೆಯ ನಕ್ಷೆಗೆ ಹೊಸ ಕ್ಯಾಟಲಾಗ್ ಕಟ್ಟಿದರೆ ಪ್ರೋಗ್ರಾಂ ತಕರಾರು ಮಾಡುವುದಿಲ್ಲ, ಉತ್ತರ ಮಾತ್ರ ತಪ್ಪುತ್ತದೆ.

ಸೋಸುವುದು, ಎಕ್ಸ್‌ಪೋಷರ್ ಕಟ್ಟುವುದು

ಜಿಟಿಸೆಲೆಕ್ಟ್‌ನಲ್ಲಿ ಇವೆಂಟ್ ಕ್ಲಾಸ್ 128, ಇವೆಂಟ್ ಟೈಪ್ 3, ಝೆನಿತ್ ಕೋನದ (ಉಪಗ್ರಹದ ನೆತ್ತಿಯಿಂದ ಅಳೆದ ಕೋನ) ಮಿತಿ 90 ಡಿಗ್ರಿ. 'ಜಿಟಿ' ಎಂದು ಶುರುವಾಗುವ ಹೆಸರುಗಳೆಲ್ಲ ಫರ್ಮಿಟೂಲ್ಸ್‌ನ ಆದೇಶಗಳು. ಈ ಮಿತಿ ಭೂಮಿಯ ಅಂಚನ್ನು ದೂರವಿಡಲು. ಕಾಸ್ಮಿಕ್ ಕಿರಣಗಳು ವಾತಾವರಣಕ್ಕೆ ಬಡಿದು ಅಲ್ಲಿ ಗಾಮಾ ಕಿರಣ ಧಾರಾಳವಾಗಿ ಹುಟ್ಟುತ್ತದೆ. ಆಮೇಲೆ ಜಿಟಿಎಂಕೆಟೈಮ್‌ನಲ್ಲಿ ದತ್ತಾಂಶದ ಗುಣಮಟ್ಟ ಸೊನ್ನೆಗಿಂತ ಹೆಚ್ಚು, ಲ್ಯಾಟ್‌ನ ಕಾನ್ಫಿಗರೇಶನ್ 1 ಎಂಬ ಸೋಸಣಿಗೆ. ಆರ್‌ಓಐ ಕಟ್ 'ಬೇಡ' ಎಂದಿರಲಿ.

ಜಿಟಿಬಿನ್‌ನಲ್ಲಿ 10 × 10 ಡಿಗ್ರಿಯ ಚೌಕ, 0.1 ಡಿಗ್ರಿಯ ಪಿಕ್ಸೆಲ್, 500 ಎಂಇವಿಯಿಂದ 500 ಜಿಇವಿವರೆಗೆ ಲಾಗ್ ಅಳತೆಯ 24 ಬಿನ್, ಅಂದರೆ ದಶಕಕ್ಕೆ ಎಂಟು. ಚೌಕದ ಮೂಲೆ ಕೇಂದ್ರದಿಂದ 7.07 ಡಿಗ್ರಿ ದೂರ. ಸೆಲೆಕ್ಟ್ ಮಾಡುವಾಗ ತ್ರಿಜ್ಯ 5 ಎಂದು ಕೊಟ್ಟಿದ್ದರೆ ನಾಲ್ಕು ಮೂಲೆಯೂ ಖಾಲಿ ಉಳಿಯುತ್ತವೆ. ಫಿಟ್ ಅದನ್ನು 'ಇಲ್ಲಿ ಹಿನ್ನೆಲೆ ಕಡಿಮೆ' ಎಂದು ಓದಿ ಎಲ್ಲ ಕಡೆ ಹಿನ್ನೆಲೆಯನ್ನು ತಗ್ಗಿಸುತ್ತದೆ, ನಡುವಿನಲ್ಲಿ ಸುಳ್ಳು 'ಸಂಕೇತ' ಮೊಳೆಯುತ್ತದೆ. ಎಣಿಕೆ ನಕ್ಷೆಯನ್ನು ಒಮ್ಮೆ ಕಣ್ಣಿಟ್ಟು ನೋಡಿದರೆ ಮೂಲೆಗಳು ಕಪ್ಪಗಿರುವುದು ತಕ್ಷಣ ಗೊತ್ತಾಗುತ್ತದೆ.

ಜಿಟಿಎಲ್‌ಟಿಕ್ಯೂಬ್‌ನದು ಗಂಟೆಗಟ್ಟಲೆಯ ಕೆಲಸ. ಉಪಗ್ರಹ ಯಾವ ದಿಕ್ಕನ್ನು ಯಾವ ಕೋನದಲ್ಲಿ ಎಷ್ಟು ಹೊತ್ತು ನೋಡಿತು ಎಂಬ ಲೆಕ್ಕವನ್ನು ಅದು ಕಟ್ಟುತ್ತದೆ. ಕೊಸೈನ್ ಹೆಜ್ಜೆ 0.025, ಆಕಾಶದ ಬಿನ್ 1 ಡಿಗ್ರಿ. ಇಲ್ಲಿಯೂ ಝೆನಿತ್ ಮಿತಿ 90 ಎಂದು ಮತ್ತೊಮ್ಮೆ ಕೊಡಲೇಬೇಕು. ಕೊಡದಿದ್ದರೆ ಫೋಟಾನ್‌ಗಳನ್ನು ಕತ್ತರಿಸಿದ್ದೀರಿ, ಸಮಯವನ್ನು ಕತ್ತರಿಸಿಲ್ಲ ಎಂದಾಗುತ್ತದೆ. ಎಕ್ಸ್‌ಪೋಷರ್ ಹಿಗ್ಗಿ, ನಿಮ್ಮ ಮೇಲ್ಮಿತಿ ಇರಬೇಕಾದ್ದಕ್ಕಿಂತ ಬಿಗಿಯಾಗಿ ಕಾಣುತ್ತದೆ. ದೋಷದ ಸಂದೇಶ ಏನೂ ಬರುವುದಿಲ್ಲ. ಪುಣೆಯಲ್ಲಿ ಗುರುವಾರ ರಿಪೇರಿ ಹೆಸರಲ್ಲಿ ಕರೆಂಟ್ ತೆಗೆಯುವುದು ಮಾಮೂಲು; ಹದಿನೈದು ವರ್ಷದ ದತ್ತಾಂಶವನ್ನು ಒಂದೇ ಓಟಕ್ಕೆ ಹಾಕಿ ಮುಕ್ಕಾಲು ದಾರಿಯಲ್ಲಿ ಲ್ಯಾಪ್‌ಟಾಪ್ ಆರಿದರೆ ಮೊದಲಿಂದ ಶುರು. ವರ್ಷ ವರ್ಷಕ್ಕೆ ಬೇರೆ ಕ್ಯೂಬ್ ಕಟ್ಟಿ, ನಾಲ್ಕು ಕೋರಿಗೆ ನಾಲ್ಕು ಹಂಚಿ, ಕೊನೆಗೆ ಜಿಟಿಎಲ್‌ಟಿಸಮ್‌ನಿಂದ ಕೂಡಿಸಿ. 'ಹೇಗಿದ್ದರೂ ಎಕ್ಸ್‌ಪೋಷರ್ ವರ್ಷಕ್ಕಿಷ್ಟು' ಎಂದು ಗುಣಿಸಿ ಬಿಡಬೇಡಿ. 2018ರ ಮಾರ್ಚ್‌ನಲ್ಲಿ ಒಂದು ಸೌರಫಲಕದ ಮೋಟರ್ ಸಿಕ್ಕಿಹಾಕಿಕೊಂಡ ಮೇಲೆ ಫರ್ಮಿ ಆಕಾಶ ನೋಡುವ ಕ್ರಮವೇ ಬದಲಾಗಿದೆ.

ಜಿಟಿಎಕ್ಸ್‌ಪ್‌ಕ್ಯೂಬ್2ಗೆ ಇಡೀ ಆಕಾಶದ ನಕ್ಷೆ ಕೇಳಿ. ಚೌಕದಷ್ಟೇ ಕೊಟ್ಟರೆ, ಹೊರಗಿದ್ದೂ ಒಳಗೆ ಬೆಳಕು ಚೆಲ್ಲುವ ಮೂಲಗಳ ಲೆಕ್ಕ ಜಿಟಿಎಸ್‌ಆರ್‌ಸಿಮ್ಯಾಪ್ಸ್‌ನಲ್ಲಿ ನಿಂತುಬಿಡುತ್ತದೆ. ಫರ್ಮಿಪೈಯಲ್ಲಿ ಈ ಸಾಲು ಪೂರ್ತಿ ಒಂದು ಕಾನ್ಫಿಗ್ ಫೈಲು, ಒಂದು 'ಸೆಟಪ್' ಆದೇಶಕ್ಕೆ ಇಳಿಯುತ್ತದೆ. ಆದರೂ ಮೊದಲ ಸಲ ಒಂದೊಂದೇ ಆದೇಶ ಕೈಯಾರೆ ಓಡಿಸಿ. ಇಲ್ಲದಿದ್ದರೆ ಎಲ್ಲಿ ಕೆಟ್ಟಿತೆಂದು ಗೊತ್ತಾಗುವುದೇ ಇಲ್ಲ. ಶಕ್ತಿ ಹರಡಿಕೆಯ ತಿದ್ದುಪಡಿ ಆನ್ ಇರಲಿ, ಸಮದಿಕ್ಕಿನ ಹಿನ್ನೆಲೆಗೆ ಮಾತ್ರ ಆಫ್.

ಹಿನ್ನೆಲೆ ಮಾದರಿ, ನಂತರ ಗುರಿ

ಮೊದಲ ಫಿಟ್‌ನಲ್ಲಿ ಡ್ರೇಕೋ ಇರಕೂಡದು. ಎರಡು ಹರಡಿದ ಹಿನ್ನೆಲೆಗಳ ಪ್ರಮಾಣವನ್ನೂ, ಕೇಂದ್ರದಿಂದ 5 ಡಿಗ್ರಿಯೊಳಗಿನ ಕ್ಯಾಟಲಾಗ್ ಮೂಲಗಳ ಪ್ರಮಾಣವನ್ನೂ ಸಡಿಲ ಬಿಡಿ, ಉಳಿದದ್ದನ್ನು ಕಟ್ಟಿಹಾಕಿ. ಫಿಟ್ ಮಾಡುವ ಪ್ರೋಗ್ರಾಂ ಮಿನುಯಿಟ್ ಕೊಡುವ ಫಿಟ್ ಗುಣಮಟ್ಟ 3 ಬರಬೇಕು. ಬರದಿದ್ದರೆ ಸಾಮಾನ್ಯವಾಗಿ ತೀರಾ ಕ್ಷೀಣ ಮೂಲಗಳನ್ನು ಸಡಿಲ ಬಿಟ್ಟಿರುವುದೇ ಕಾರಣ. ಟಿಎಸ್ (ಮೂಲ ಇದೆ ಎಂಬ ಮಾದರಿ, ಇಲ್ಲ ಎಂಬುದಕ್ಕಿಂತ ಎಷ್ಟು ಚೆನ್ನಾಗಿ ಹೊಂದುತ್ತದೆ ಎಂಬ ಅಂಕ) ಕಡಿಮೆ ಇರುವವನ್ನು ಕ್ಯಾಟಲಾಗ್ ಬೆಲೆಗೇ ಕಟ್ಟಿ ಮತ್ತೆ ಓಡಿಸಿ.

ಆಮೇಲೆ ಟಿಎಸ್ ನಕ್ಷೆ ತೆಗೆಯಿರಿ. ಕ್ಯಾಟಲಾಗ್ 14 ವರ್ಷದ್ದು, ನಿಮ್ಮ ದತ್ತಾಂಶ ಅದಕ್ಕಿಂತ ಉದ್ದ. ಹೊಸ ಮೂಲಗಳು ಎದ್ದಿರಬಹುದು. ಟಿಎಸ್ 25 ದಾಟಿದ್ದನ್ನು ಮಾದರಿಗೆ ಸೇರಿಸಬೇಕು. ಆದರೆ ಸ್ವಯಂಚಾಲಿತ ಹುಡುಕಾಟಕ್ಕೆ ಬಿಟ್ಟುಕೊಟ್ಟರೆ ಅದು ಡ್ರೇಕೋದ ನೆತ್ತಿಯ ಮೇಲೇ ಒಂದು ಮೂಲವನ್ನು ಕೂರಿಸಿ, ನೀವು ಹುಡುಕುತ್ತಿರುವುದನ್ನೇ ನುಂಗಬಹುದು. ಕೇಂದ್ರದ ಸುತ್ತಲಿನ ಒಂದು ಡಿಗ್ರಿಯನ್ನು ಕೈಯಾರೆ ಪರಿಶೀಲಿಸಿ.

ಈಗ ಡ್ರೇಕೋವನ್ನು ಸೇರಿಸಿ. ಫರ್ಮಿಟೂಲ್ಸ್‌ನೊಳಗೆ ಡಿಎಂಫಿಟ್ ಎಂಬ ಮಾದರಿ ಇದೆ: ಸಿಗ್ಮಾ-ವಿ, ಜೆ, ದ್ರವ್ಯರಾಶಿ, ಚಾನೆಲ್ ಸಂಖ್ಯೆ ಕೊಟ್ಟರಾಯಿತು. ಬಾಟಮ್ ಕ್ವಾರ್ಕ್‌ಗೆ 4, ಟಾವ್‌ಗೆ 3, ಡಬ್ಲ್ಯೂ ಬೋಸಾನ್‌ಗೆ 7. ಅದೇ ಎಕ್ಸ್ಎಂಎಲ್ ಫೈಲಿನಲ್ಲಿ ಮಿಕ್ಕ ಮೂಲಗಳ ಶಕ್ತಿಯೆಲ್ಲ ಎಂಇವಿಯಲ್ಲಿರುತ್ತದೆ, ಡಿಎಂಫಿಟ್‌ನ ದ್ರವ್ಯರಾಶಿ ಮಾತ್ರ ಜಿಇವಿಯಲ್ಲಿ.

ಒಂದೊಂದು ದ್ರವ್ಯರಾಶಿಗೂ ಇಡೀ ಫಿಟ್ ಮತ್ತೆ ಓಡಿಸುವುದು ದಡ್ಡ ದಾರಿ. ಜಾಣ ದಾರಿ ಹೀಗೆ: ಹಿನ್ನೆಲೆಯನ್ನು ಮೊದಲ ಫಿಟ್‌ನ ಬೆಲೆಗೆ ಕಟ್ಟಿ. 24 ಬಿನ್‌ಗಳಲ್ಲೂ ಬೇರೆ ಬೇರೆಯಾಗಿ, ಡ್ರೇಕೋದ ಜಾಗದಲ್ಲಿ ಇಳಿಜಾರು 2ರ ಒಂದು ಬಿಂದುಮೂಲ ಇಟ್ಟು, ಫ್ಲಕ್ಸನ್ನು ಸೊನ್ನೆಯಿಂದ ಮೇಲಕ್ಕೆ ಏರಿಸುತ್ತ ಲೈಕ್ಲಿಹುಡ್ (ಮಾದರಿ ದತ್ತಾಂಶಕ್ಕೆ ಹೊಂದುವ ಅಳತೆ) ಹೇಗೆ ಬೀಳುತ್ತದೆ ಎಂದು ದಾಖಲಿಸಿ. ಫರ್ಮಿಪೈಯ 'ಎಸ್ಇಡಿ' ಆದೇಶ ಈ ಸ್ಕ್ಯಾನನ್ನು ಫೈಲಿನಲ್ಲಿ ಬರೆದೇ ಕೊಡುತ್ತದೆ. ಇದೊಂದು ಪಟ್ಟಿ ಕೈಯಲ್ಲಿದ್ದರೆ ಯಾವ ದ್ರವ್ಯರಾಶಿ, ಯಾವ ಚಾನೆಲ್ ಬೇಕಾದರೂ ಸೆಕೆಂಡಿನೊಳಗೆ ಪರೀಕ್ಷಿಸಬಹುದು. ಆ ಮಾದರಿ ಪ್ರತಿ ಬಿನ್‌ನಲ್ಲಿ ಎಷ್ಟು ಫ್ಲಕ್ಸ್ ಹೇಳುತ್ತದೋ ಅಲ್ಲಿನ ಲಾಗ್-ಲೈಕ್ಲಿಹುಡ್ ಓದಿ ಕೂಡಿಸಿದರೆ ಮುಗಿಯಿತು. ಹತ್ತು ಕುಬ್ಜ ಗ್ಯಾಲಕ್ಸಿಗಳನ್ನು ಒಟ್ಟುಗೂಡಿಸುವುದೂ ಇದೇ ಕೂಡುಲೆಕ್ಕ.

ಮೇಲ್ಮಿತಿ ಎಳೆಯುವುದು

ಸಿಗ್ಮಾ-ವಿ ಸೊನ್ನೆಯ ಗೋಡೆಗೆ ಒರಗಿ ನಿಂತಿರುವುದೇ ಹೆಚ್ಚು. ಆಗ ಫಿಟ್ ಕೊಡುವ 'ಪ್ಲಸ್-ಮೈನಸ್' ದೋಷಕ್ಕೆ ಅರ್ಥವಿಲ್ಲ. ಅದನ್ನು ಎರಡರಿಂದ ಗುಣಿಸಿ ಮಿತಿ ಎನ್ನುವುದು ತಪ್ಪು. ಲಾಗ್-ಲೈಕ್ಲಿಹುಡ್ ತನ್ನ ಗರಿಷ್ಠದಿಂದ 1.35 ಬೀಳುವ ತನಕ ಸಿಗ್ಮಾ-ವಿ ಏರಿಸಿ. ಅದೇ ಏಕಮುಖ 95 ಶೇಕಡಾ ಮಿತಿ.

ಜೆಯ ಅನಿಶ್ಚಿತತೆಯನ್ನು ಕೊನೆಯಲ್ಲಿ ಬಣ್ಣದ ಪಟ್ಟೆಯಾಗಿ ಬಳಿದರೆ ಸಾಲದು. ಅದನ್ನು ಲೈಕ್ಲಿಹುಡ್‌ನೊಳಗೇ ಒಂದು ಲಾಗ್-ನಾರ್ಮಲ್ ಪದವಾಗಿ ಸೇರಿಸಿ, ಪ್ರತಿ ಸಿಗ್ಮಾ-ವಿಗೂ ಜೆಯನ್ನು ಸರಿಹೊಂದಿಸಿಕೊಳ್ಳಲು ಬಿಡಿ. ಡ್ರೇಕೋಗೆ ವ್ಯತ್ಯಾಸ ಸಣ್ಣದು, ಸೆಗ್ಯೂ 1ಕ್ಕೆ ಗಣನೀಯ.

ಉತ್ತರ ಸರಿಯಿದೆಯೇ ಎಂದು ನೋಡಲು ಒಂದು ಮೈಲಿಗಲ್ಲು ಇದೆ. 2015ರಲ್ಲಿ ಫರ್ಮಿ ತಂಡ 6 ವರ್ಷದ ದತ್ತಾಂಶ, 15 ಕುಬ್ಜ ಗ್ಯಾಲಕ್ಸಿಗಳನ್ನು ಒಟ್ಟುಗೂಡಿಸಿ ಬಾಟಮ್ ಕ್ವಾರ್ಕ್ ಮತ್ತು ಟಾವ್ ಚಾನೆಲ್‌ಗಳಲ್ಲಿ ಸುಮಾರು 100 ಜಿಇವಿಗಿಂತ ಕೆಳಗೆ, ಮೇಲೆ ಹೇಳಿದ ಮಹಾಸ್ಫೋಟದ ದರವನ್ನು ತಳ್ಳಿಹಾಕಿತು. ನಿಮ್ಮ ಒಂಟಿ ಡ್ರೇಕೋ ಅದಕ್ಕಿಂತ ಬಿಗಿಯಾದ ಮಿತಿ ಕೊಟ್ಟರೆ ಹಿಗ್ಗಬೇಡಿ. 8 ಪೈ, ಏಕಮಾನ, ಝೆನಿತ್ ಮಿತಿ, ಈ ಮೂರನ್ನು ಅದೇ ಕ್ರಮದಲ್ಲಿ ಹುಡುಕಿ.

ಖಾಲಿ ಆಕಾಶದ ಪರೀಕ್ಷೆ

ಬಹಳಷ್ಟು ಪ್ರಾಜೆಕ್ಟ್‌ಗಳು ಬಿಟ್ಟುಬಿಡುವ ಹಂತ ಇದು. ಇದಿಲ್ಲದ ವರದಿಯನ್ನು ಓದುವುದೇ ದಂಡ.

ಗ್ಯಾಲಕ್ಟಿಕ್ ಅಕ್ಷಾಂಶ 30 ಡಿಗ್ರಿಗಿಂತ ಮೇಲೆ, ಯಾವ ಕ್ಯಾಟಲಾಗ್ ಮೂಲದಿಂದಲೂ ಕನಿಷ್ಠ 1 ಡಿಗ್ರಿ ದೂರದಲ್ಲಿ ಯಾದೃಚ್ಛಿಕವಾಗಿ ಇನ್ನೂರು ಮುನ್ನೂರು ಬಿಂದು ಆರಿಸಿ. ಅಲ್ಲೆಲ್ಲ ಡ್ರೇಕೋ ಇದೆಯೆಂದೇ ನಟಿಸಿ ಇಡೀ ವಿಶ್ಲೇಷಣೆ ಓಡಿಸಿ. ಬರುವ ಟಿಎಸ್‌ಗಳನ್ನು ಪುಸ್ತಕದ ಕೈ-ವರ್ಗ (χ²) ಹಂಚಿಕೆಯ ಪಕ್ಕ ಇಟ್ಟರೆ, ದೊಡ್ಡ ಟಿಎಸ್‌ಗಳು ಪುಸ್ತಕ ಹೇಳುವುದಕ್ಕಿಂತ ಹೆಚ್ಚು ಸಲ ಬಂದಿರುತ್ತವೆ. ಕ್ಯಾಟಲಾಗಿಗೆ ಸಿಗದಷ್ಟು ಮಂಕಾದ ಬ್ಲೇಜಾರ್‌ಗಳು, ಹರಡಿದ ಹಿನ್ನೆಲೆಯ ನಕ್ಷೆಯಲ್ಲಿನ ಕೊರತೆ, ಇವೇ ಕಾರಣ. ಹಾಗಾಗಿ ಟಿಎಸ್ 9 ಬಂದರೆ 'ಮೂರು ಸಿಗ್ಮಾ' ಎಂದು ಕೂಗುವಂತಿಲ್ಲ. ನಿಮ್ಮದೇ ಖಾಲಿ ಬಿಂದುಗಳಲ್ಲಿ ಎಷ್ಟು ಶೇಕಡಾ 9 ದಾಟಿದವು ಎಂದು ಎಣಿಸಿ. ಇಪ್ಪತ್ತು ದ್ರವ್ಯರಾಶಿ, ಎರಡು ಚಾನೆಲ್ ಪರೀಕ್ಷಿಸಿದ್ದರೆ ಹಲವು ಸಲ ಹುಡುಕಿದ್ದಕ್ಕೆ ಸಿಗ್ಮಾವನ್ನು ತಗ್ಗಿಸುವ 'ಆಯ್ಕೆಯ ದಂಡ'ವನ್ನೂ ಕಟ್ಟಬೇಕು.

ಇದು ಬರೀ ಪುಸ್ತಕದ ಮಾತಲ್ಲ. ಫರ್ಮಿಯ 4 ವರ್ಷದ ಕುಬ್ಜ ಗ್ಯಾಲಕ್ಸಿ ವಿಶ್ಲೇಷಣೆಯಲ್ಲಿ ಟಿಎಸ್ 8.7 ಕಂಡಿತ್ತು, 6 ವರ್ಷದ, ಹೊಸದಾಗಿ ಸಂಸ್ಕರಿಸಿದ ದತ್ತಾಂಶದಲ್ಲಿ ಅದು ಕರಗಿಹೋಯಿತು. 2015ರಲ್ಲಿ ರೆಟಿಕ್ಯುಲಮ್ 2 ಎಂಬ ಕುಬ್ಜ ಗ್ಯಾಲಕ್ಸಿ ಪತ್ತೆಯಾದಾಗಲೂ ಇಂಥದ್ದೇ ಸುಳಿವು ಕಂಡು, ದೃಢಪಡದೆ ಉಳಿಯಿತು. 2012ರಲ್ಲಿ ಗ್ಯಾಲಕ್ಸಿಯ ಕೇಂದ್ರದ ಕಡೆಯಿಂದ 130 ಜಿಇವಿಯಲ್ಲಿ ಕಂಡ ಗೆರೆ ಭೂಮಿಯ ಅಂಚಿನ ದತ್ತಾಂಶದಲ್ಲೂ ಇಣುಕಿ, ಉಪಕರಣದ ಮೇಲೆ ಅನುಮಾನ ತಂದು, ಕೊನೆಗೆ ಮಸುಕಾಯಿತು.

ಎದುರು ದಿಕ್ಕಿನ ಪರೀಕ್ಷೆಯೂ ಬೇಕು. 100 ಜಿಇವಿಯ ನಕಲಿ ಸಂಕೇತವನ್ನು ಮಹಾಸ್ಫೋಟದ ದರದ ನೂರು ಪಟ್ಟಿಗೆ, ಮೇಲಿನ ಲೆಕ್ಕದಂತೆ ಹತ್ತು ವರ್ಷಕ್ಕೆ ಮುನ್ನೂರು ಫೋಟಾನ್ ಬರುವಂತೆ, ಸಿಮ್ಯುಲೇಶನ್‌ನಲ್ಲಿ ಹಾಕಿ ಅಷ್ಟೇ ವಾಪಸ್ ಬರುತ್ತದೆಯೇ ನೋಡಿ. ಅರ್ಧವೇ ಬಂದರೆ ಹಿನ್ನೆಲೆಯಲ್ಲಿ ಯಾವುದೋ ಮೂಲ ಅದನ್ನು ತಿನ್ನುತ್ತಿದೆ.

ಗ್ಯಾಲಕ್ಸಿಯ ಕೇಂದ್ರ ಬೇಡವೇ?

ಜೆ ಅಲ್ಲೇ ಅತಿ ಹೆಚ್ಚು, ನಿಜ. 1ರಿಂದ 3 ಜಿಇವಿಯಲ್ಲಿ ಉಬ್ಬುವ ಹೆಚ್ಚುವರಿ ಬೆಳಕು ಅಲ್ಲಿದೆ ಎಂದು 2009ರಿಂದಲೂ ಚರ್ಚೆ ನಡೆಯುತ್ತಿದೆ. ಆದರೆ ಮಿಲಿಸೆಕೆಂಡ್ ಪಲ್ಸಾರ್‌ಗಳ ಗುಂಪಿನ ಸ್ಪೆಕ್ಟ್ರಮ್ ಕೂಡ ಹೆಚ್ಚುಕಡಿಮೆ ಅದೇ ಆಕಾರದ್ದು. ಗಣೇಶ ವಿಸರ್ಜನೆಯ ರಾತ್ರಿ ಲಕ್ಷ್ಮಿ ರಸ್ತೆಯ ಝಗಮಗದ ನಡುವೆ ಒಂದು ಹಣತೆಯ ಬೆಳಕನ್ನು ಅಳೆದ ಹಾಗೆ ಅದು. ಮೊದಲ ಪ್ರಾಜೆಕ್ಟಿಗೆ ಬೇಡ. ನಾಶದಲ್ಲಿ ಹುಟ್ಟುವ ಪಾಸಿಟ್ರಾನ್ ಹುಡುಕುವ ದಾರಿಗೂ ಇದೇ ತೊಡಕು: ಕಾಂತಕ್ಷೇತ್ರದಲ್ಲಿ ಬಾಗಿ ಬರುವುದರಿಂದ ದಿಕ್ಕೇ ಉಳಿಯುವುದಿಲ್ಲ, ಹತ್ತಿರದ ಪಲ್ಸಾರ್‌ಗಳೂ ಪಾಸಿಟ್ರಾನ್ ಕೊಡುತ್ತವೆ. ಟಿಇವಿ (ಸಾವಿರ ಜಿಇವಿ) ದ್ರವ್ಯರಾಶಿಗಳಿಗೆ ನೆಲದ ಮೇಲಿನ ಚೆರೆಂಕೋವ್ ದೂರದರ್ಶಕಗಳೇ ಬೇಕು. ಮುಂಬೈಯ ಭಾಭಾ ಅಣು ಸಂಶೋಧನಾ ಕೇಂದ್ರ ಲಡಾಖಿನ ಹಾನ್ಲೆಯಲ್ಲಿ ಕಟ್ಟಿದ 21 ಮೀಟರಿನ 'ಮೇಸ್' ಆ ಜಾತಿಯದು.

ಪುಣೆಯಲ್ಲಿರುವವರಿಗೆ ಸಹಜವಾದ ಎರಡನೇ ದಾರಿ ರೇಡಿಯೊ. ನಾಶದಲ್ಲಿ ಹುಟ್ಟುವ ಎಲೆಕ್ಟ್ರಾನ್‌ಗಳು ಕುಬ್ಜ ಗ್ಯಾಲಕ್ಸಿಯ ಕ್ಷೀಣ ಕಾಂತಕ್ಷೇತ್ರದಲ್ಲಿ ಸುತ್ತುತ್ತ ರೇಡಿಯೊ ಅಲೆ ಹೊಮ್ಮಿಸಬೇಕು. ಕ್ಷೇತ್ರ 1 ಮೈಕ್ರೋಗಾಸ್ ಇದ್ದರೆ ಸುಮಾರು 3 ಜಿಇವಿ ಎಲೆಕ್ಟ್ರಾನ್ 150 ಮೆಗಾಹರ್ಟ್ಸ್ ಹತ್ತಿರ ಹಾಡುತ್ತದೆ. ನಾರಾಯಣಗಾಂವ್ ಬಳಿಯ ಖೋಡದ್‌ನ ಜಿಎಂಆರ್‌ಟಿ, ಅದರ 45 ಮೀಟರಿನ 30 ಡಿಶ್‌ಗಳಿಂದ ಇದೇ ಆವರ್ತನದಲ್ಲಿ ಮಾಡಿದ ಟಿಜಿಎಸ್ಎಸ್ ಸರ್ವೆಯ ಚಿತ್ರಗಳು ಸಾರ್ವಜನಿಕವಾಗಿವೆ. ಡ್ರೇಕೋದ ಜಾಗವೂ ಅದರಲ್ಲಿದೆ. ಚಿತ್ರ ಇಳಿಸಿ, ಬಿಂದುಮೂಲಗಳನ್ನು ಮರೆಮಾಡಿ, ಉಳಿದ ಗದ್ದಲದಿಂದ ಮಿತಿ ತೆಗೆಯಬಹುದು. ಎರಡು ಎಚ್ಚರಿಕೆ: ಇಂಟರ್‌ಫೆರೋಮೀಟರ್ ಅಗಲವಾಗಿ ಹರಡಿದ ಬೆಳಕನ್ನು ನುಂಗುತ್ತದೆ, ಕಾಂತಕ್ಷೇತ್ರ ಮತ್ತು ಎಲೆಕ್ಟ್ರಾನ್‌ಗಳ ಸೋರಿಕೆಯ ಊಹೆ ಬದಲಿಸಿದರೆ ಮಿತಿ ಹತ್ತಾರು ಪಟ್ಟು ಆಚೀಚೆಯಾಗುತ್ತದೆ. ಹಾಗಾಗಿ ಒಂದು ಗೆರೆ ಎಳೆಯಬೇಡಿ, ಕನಿಷ್ಠ ಮೂರು ಊಹೆಗಳಿಗೆ ಮೂರು ಗೆರೆ ಎಳೆಯಿರಿ.

ಗ್ರಾಫಿನ ಅಡಿಯಲ್ಲೇ ಬರೆಯಬೇಕಾದವು: ದತ್ತಾಂಶದ ಆರಂಭ ಮತ್ತು ಕೊನೆಯ ಸಮಯ, ಇವೆಂಟ್ ಕ್ಲಾಸ್, ಝೆನಿತ್ ಮಿತಿ, ಹಿನ್ನೆಲೆ ನಕ್ಷೆಯ ಮತ್ತು ಕ್ಯಾಟಲಾಗಿನ ಆವೃತ್ತಿ, ಜೆಯ ಬೆಲೆ ಮತ್ತು ಕೋನ, ಚಾನೆಲ್, 8 ಪೈಯೋ 16 ಪೈಯೋ. ನಿರೀಕ್ಷಿತ ಮಿತಿಯ 68 ಮತ್ತು 95 ಶೇಕಡಾ ಪಟ್ಟೆಗಳನ್ನು ಖಾಲಿ ಆಕಾಶದ ಬಿಂದುಗಳಿಂದಲೇ ತೆಗೆದು, ನಿಮ್ಮ ಗೆರೆಯ ಹಿಂದೆ ಹಾಕಿ.